ಉಪಕಾರದ ಬುಟ್ಟಿಯಲ್ಲಿ ಒಂದು ಆಲೂಗಡ್ಡೆ

ನಮ್ಮನೆಯವರು ತೂಕ-ಅಳತೆ ಇಲಾಖೆಯಲ್ಲಿ ತಕ್ಕಡಿಗಳಿಗೆ ಮುದ್ರೆ ಒತ್ತುವ ಕೆಲಸದಲ್ಲಿದ್ದಾರೆ. ಅಂಗಡಿಯವರ ತಕ್ಕಡಿ, ತೂಕದ ಕಲ್ಲು ಎಲ್ಲ ಪರೀಕ್ಷೆ ಮಾಡಿ ಸರಿಯಿದ್ದರೆ ಮುದ್ರೆ, ಇಲ್ಲದಿದ್ದರೆ ಅಂಗಡಿಗೆ ಬೀಗ. ಇಷ್ಟೇ ಆಗಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಅವರಿಗೆ ಇನ್ನೊಂದು ಚಾಳಿ ಇದೆ. ಯಾರ ಬಾಯಲ್ಲಿ ಯಾವ ನುಡಿಗಟ್ಟು ಬಂದರೂ ಅದರ ಮೂಲ ಹೇಳದಿದ್ದರೆ ಅವರಿಗೆ ತಿಂದ ಅನ್ನ ಅರಗುವುದಿಲ್ಲ. ಬೀದಿಯವರು ಅವರಿಗೆ ‘ಮೂಲಪುರುಷ’ ಅಂತ ಹೆಸರಿಟ್ಟಿದ್ದಾರೆ. ಇವರು ಅದನ್ನು ಬಿರುದು ಅಂದುಕೊಂಡು ಓಡಾಡುತ್ತಾರೆ.

ಇಂಥವರಿಗೆ ಅವರ ಸಾಹೇಬರು ಒಂದು ಭಾಷಣ ಗಂಟುಹಾಕಿದರು. ಲಂಚದ ವಿರುದ್ಧ ಸಭೆಯಂತೆ, ಬೀದಿಬೀದಿಯ ಅಂಗಡಿಯವರನ್ನೆಲ್ಲ ಕರೆಸಿದ್ದರಂತೆ, ಮಾತಾಡಬೇಕಾದ ದೊಡ್ಡ ಮನುಷ್ಯರು ಕೊನೇ ಗಳಿಗೆಯಲ್ಲಿ ಕೈಕೊಟ್ಟರಂತೆ. “ನೀವೇ ಏನಾದ್ರೂ ಮಾತಾಡಿಬಿಡ್ರೀ” ಅಂದರಂತೆ. ಇವರು ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ ಘೋಷಿಸಿದರು.

“ವಿಷಯ ಸಿಕ್ಕಿಬಿಡ್ತು ಕಣೇ. ಉಪಕಾರಕ್ಕೆ ಬೆಲೆ ಕಟ್ಟುವ ನುಡಿಗಟ್ಟುಗಳು, ಅವುಗಳ ಅರ್ಥ ಮತ್ತು ಮೂಲ!”

ಅವತ್ತಿನಿಂದ ನಾನು ಹೊಲಿಗೆ ಮಿಷನ್ ಮುಂದೆ ಕೂತರೆ ಸಾಕು, ಎದುರಿಗೆ ಬಂದು ನಿಲ್ಲೋರು.

“ಕೈ ಬೆಚ್ಚಗೆ ಮಾಡೋದು ಅಂತೀವಲ್ಲ, ಯಾಕೆ? ಹಿಂದಿನ ಕಾಲದಲ್ಲಿ ಕೋಟೆ ಬಾಗಿಲು ಕಾಯೋನು ಚಳಿಯಲ್ಲಿ ನಡುಗ್ತಾ ನಿಂತಿರ್ತಿದ್ದ. ಒಳಗೆ ಹೋಗಬೇಕಾದೋರು ಒಂದು ಮಡಕೆಯಲ್ಲಿ ಕೆಂಡ ತಂದು ಅವನ ಮುಂದಿಡ್ತಿದ್ರು. ಕೈ ಕಾಯಿಸ್ಕೊಂಡು ಬಾಗಿಲು ತೆಗೀತಿದ್ದ. ಆಮೇಲೆ ಕೆಂಡ ಹೋಯ್ತು, ಕೈ ಉಳೀತು.”

“ಇದನ್ನ ಯಾವ ಪುಸ್ತಕದಲ್ಲಿ ಓದಿದ್ರಿ?”

“ಓದೋದೇನು ಬಂತು? ಯೋಚನೆ ಮಾಡಿದ್ರೆ ತಾನಾಗೇ ಹೊಳೆಯುತ್ತೆ.”

ಹೀಗೆ ಹೊಳೆದು ಹೊಳೆದು ಅವರ ತಲೆ ಕೆಟ್ಟಿತು. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಅನ್ನುವ ಗಾದೆ ಇದೆಯಲ್ಲ, ತಪ್ಪು ಮಾಡಿದವನು ಫಲ ಉಣ್ಣಲೇಬೇಕು ಅಂತ ನಾವೆಲ್ಲ ಅರ್ಥ ಮಾಡಿಕೊಂಡಿರೋದು. ಇವರ ಪ್ರಕಾರ ಅದಲ್ಲವಂತೆ. ಒಂದೂರಲ್ಲಿ ಒಬ್ಬ ಪುಣ್ಯಾತ್ಮ ಮನೆಮನೆಗೂ ಪುಕ್ಕಟೆ ಉಪ್ಪು ಹಂಚಿದನಂತೆ. ಜನ ಹಾಡಿ ಹೊಗಳಿದರಂತೆ. ಬಾಯಾರಿಕೆಯಾದ ಮೇಲೆ ಗೊತ್ತಾಯಿತಂತೆ, ಊರಿಗೆಲ್ಲ ಇದ್ದ ಒಂದೇ ಬಾವಿ ಅವನದು.

“ತಿಳೀತಾ?” ಅಂತ ಬೆರಳೆತ್ತಿದರು. “ಈ ಲೋಕದಲ್ಲಿ ಸುಮ್ಮನೆ ಕೊಡೋನು ಯಾವನೂ ಇಲ್ಲ. ಉಪ್ಪು ಕೊಟ್ಟರೆ ಮೊದಲು ಬಾವಿ ಎಲ್ಲಿದೆ ಅಂತ ನೋಡಬೇಕು.”

ನಾನು ಮಿಷನ್ ತುಳಿಯೋದು ನಿಲ್ಲಿಸಿದೆ. ಯಾಕೆಂದರೆ ಅದೇ ವಾರ ನನಗೊಬ್ಬರು ಸುಮ್ಮನೆ ಕೊಡುವವರಿದ್ದರು.

ಪಕ್ಕದ ಮನೆಯಲ್ಲಿ ಕಾಂಪೌಂಡರ್ ಮಾವ ಅಂತ ಇದ್ದಾರೆ. ಆಸ್ಪತ್ರೆಯಲ್ಲಿ ಔಷಧಿ ಕಟ್ಟಿ ಕೊಡುತ್ತಿದ್ದವರು, ಈಗ ನಿವೃತ್ತರು. ಮಗ ಮನೆಯ ಒಂದು ಪಕ್ಕದಲ್ಲೇ ದಿನಸಿ ಅಂಗಡಿ ಇಟ್ಟುಕೊಂಡಿದ್ದಾನೆ. ಇನ್ನೊಂದು ಪಕ್ಕಕ್ಕೆ, ಬೀದಿಗೆ ಬಾಗಿಲಿರುವ ಕೋಣೆಯೊಂದು ಖಾಲಿ ಬಿದ್ದಿತ್ತು. ಮನೆ ಮಾವನ ಹೆಸರಲ್ಲೇ ಇದೆ, ಕೋಣೆಯೂ ಅವರದೇ. “ಹೊಲಿಗೆ ಅಂಗಡಿ ಇಟ್ಕೊಳ್ಳಮ್ಮಾ, ಬಾಡಿಗೆಗೀಡಿಗೆ ಏನೂ ಬೇಡ. ಸೋಮವಾರ ಬಂದು ಬೀಗದ ಕೈ ಇಸ್ಕೋ” ಅಂದಿದ್ದರು.

ನನ್ನ ಅವಸ್ಥೆ ನಿಮಗೆ ಹೇಳಬೇಕು. ಮದುವೆಯಾದಾಗಿನಿಂದ ನಾನು ಹೊಲಿಯುವುದು ನಡುಮನೆಯ ಕಿಟಕಿ ಕೆಳಗೆ. ಅಳತೆ ಕೊಡಲು ಬಂದವರು ನಮ್ಮತ್ತೆಯ ಮಂಚ ದಾಟಿ ಬರಬೇಕು. ಅತ್ತೆ ಮಲಗಿದಲ್ಲಿಂದಲೇ “ಹೋದ ಸಲಕ್ಕಿಂತ ದಪ್ಪ ಆಗಿದೀಯಲ್ಲೇ” ಅಂತ ಅನ್ನೋರು. ಗಿರಾಕಿ ಮತ್ತೆ ಬರುತ್ತಾಳೆಯೇ? ನನ್ನದೇ ಒಂದು ಬಾಗಿಲು, ನನ್ನದೇ ಒಂದು ಬೋರ್ಡು ಅಂತ ಎಷ್ಟು ಆಸೆಪಟ್ಟಿದ್ದೆ ಅಂದರೆ, ಕೋಣೆಯ ಬಾಗಿಲಿಗೆ ಪರದೆ ಕೂಡ ಹೊಲಿದಿಟ್ಟಿದ್ದೆ. ಇವರಿಗೆ ಹೇಳಿದಾಗ ಒಂದೇ ಮಾತು ಕೇಳಿದರು.

“ಯಾಕಂತೆ?”

“ಒಳ್ಳೆಯವರು ರೀ, ಅದಕ್ಕೆ.”

“ಉಪ್ಪು ಹಂಚಿದೋನೂ ಒಳ್ಳೆಯವನೇ” ಅಂತ ಹೇಳಿ ಸುಮ್ಮನಾದರು. ಅವರು ಸುಮ್ಮನಾದರೆ ನನಗೆ ಇನ್ನೂ ಭಯ.

ಮಾರನೇ ದಿನ ನಾನು ದಾರ ತರಲು ಪೇಟೆಗೆ ಹೋಗಿದ್ದಾಗ, ಕಾಂಪೌಂಡರ್ ಮಾವನ ಸೊಸೆ ಒಂದು ಬುಟ್ಟಿ ಮಾವಿನಹಣ್ಣು ತಂದು ನಮ್ಮ ಅತ್ತೆಯ ಕೈಯಲ್ಲಿ ಕೊಟ್ಟು ಹೋದಳಂತೆ. “ಮಾವ ಕೊಟ್ಟು ಬಾ ಅಂದ್ರು” ಅಂತಷ್ಟೇ ಅಂದಳಂತೆ. ನಾನು ವಾಪಸ್ ಬರುವಷ್ಟರಲ್ಲಿ ನಮ್ಮನೆಯವರು ಊಟಕ್ಕೆ ಬಂದಿದ್ದರು. ಬುಟ್ಟಿ ನೋಡಿದ್ದೇ ಮುಖ ಕಪ್ಪಿಟ್ಟಿತು.

“ಬಂತು ನೋಡು ಬಾವಿ! ಅವರ ಮಗನ ಅಂಗಡಿ ತಕ್ಕಡಿಗೆ ಮುಂದಿನ ತಿಂಗಳು ಮುದ್ರೆ ಒತ್ತಬೇಕಾದೋನು ಯಾರು? ನಾನು! ಕೋಣೆ ಉಪ್ಪು, ಹಣ್ಣು ಉಪ್ಪಿನಕಾಯಿ. ಇದನ್ನ ಈಗಲೇ ವಾಪಸ್ ಕೊಡ್ತೀನಿ.”

“ಒಂದು ತಿಂದೆ ಕಣೋ” ಅಂದರು ಅತ್ತೆ, ಗೊರಟೆ ಚೀಪುತ್ತಾ. “ನಮ್ಮ ಮರದ ಹಣ್ಣಿನ ಹಾಗೇ ಸಿಹಿ ಇದೆ.”

ಬೇರೆ ಯಾರಾದರೂ ಆಗಿದ್ದರೆ ಒಂದು ಹಣ್ಣು ಹೋದರೆ ಹೋಯಿತು ಅನ್ನುತ್ತಿದ್ದರು. ಇವರು ತಕ್ಕಡಿಯವರು. ಬುಟ್ಟಿಯಲ್ಲಿದ್ದ ಹಣ್ಣನ್ನೂ ಅತ್ತೆಯ ಕೈಯ ಗೊರಟೆ-ಸಿಪ್ಪೆಯನ್ನೂ ಆಫೀಸಿನಿಂದ ತಂದಿಟ್ಟಿದ್ದ ತಕ್ಕಡಿಯಲ್ಲಿ ತೂಗಿ, ಹೊಟ್ಟೆಗೆ ಹೋದದ್ದು ಇಷ್ಟಿರಬೇಕು ಅಂತ ಅಂದಾಜು ಕಟ್ಟಿ, ಅಷ್ಟೇ ತೂಕದ ವಸ್ತುವಿಗಾಗಿ ಅಡುಗೆಮನೆಯೆಲ್ಲ ಜಾಲಾಡಿದರು. ಸರಿಯಾಗಿ ಕೂತದ್ದು ಒಂದು ಆಲೂಗಡ್ಡೆ. ಅದನ್ನು ಹಣ್ಣಿನ ಮೇಲಿಟ್ಟು, ನಾನು ಅಡ್ಡ ನಿಂತರೂ ಕೇಳದೆ, ಮಾವನ ಮನೆಗಲ್ಲ, ನೇರವಾಗಿ ಮಗನ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆ ಪಕ್ಕ ಬುಟ್ಟಿ ಇಟ್ಟು, “ತೂಕ ನೋಡ್ಕೊಳ್ಳಿ” ಅಂದು ಬಂದರಂತೆ.

ಇಲ್ಲಿಂದಾಚೆ ಅಂಗಡಿಯವನ ಮನೆಯಲ್ಲಿ ನಡೆದದ್ದನ್ನು ಆಮೇಲೆ ಅವನ ಹೆಂಡತಿಯೇ ನನ್ನ ಹತ್ತಿರ ಬಟ್ಟೆ ಹೊಲಿಸಲು ಬಂದಾಗ ಹೇಳಿದಳು. ಗಂಡ ಹೆಂಡತಿ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ಆ ಆಲೂಗಡ್ಡೆಯನ್ನು ನಡುವೆ ಇಟ್ಟುಕೊಂಡು ಕೂತರಂತೆ.

“ತಕ್ಕಡಿ ಸಾಹೇಬ್ರು ಬಂದು ತೂಕ ನೋಡ್ಕೊಳ್ಳಿ ಅಂತಾರೆ ಅಂದ್ರೆ ಏನೇ ಅರ್ಥ?”

“ಹಣ್ಣು ವಾಪಸ್ ಬಂತು ಅಂದ್ರೆ ಸಾಲ್ದು ಅಂತ ಅರ್ಥ. ಅಷ್ಟೂ ಗೊತ್ತಾಗಲ್ವಾ?”

“ಸರಿ, ಆಲೂಗಡ್ಡೆ ಯಾಕೆ?”

ಅವಳು ಆಲೂಗಡ್ಡೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳಂತೆ. “ಆಲೂಗಡ್ಡೆ ತೂಕದಲ್ಲೇ ನೀವು ಮೋಸ ಮಾಡ್ತಿದೀರ ಅಂತ ಅವರಿಗೆ ಗೊತ್ತಾಗಿದೆ.”

“ಅಯ್ಯೋ, ನಾನು ಮೋಸ ಮಾಡ್ತಿಲ್ಲ ಕಣೇ!”

“ಮಾಡದೇ ಇದ್ರೆ ಆಲೂಗಡ್ಡೆ ಯಾಕೆ ಬರುತ್ತೆ?”

ಹಿರಿಯರಿಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಮಾವನಿಂದ ಮುಚ್ಚಿಟ್ಟು, ಮಾರನೇ ದಿನ ಅದೇ ಬುಟ್ಟಿಯ ಜೊತೆಗೆ ಒಂದು ಡಬ್ಬ ಎಣ್ಣೆ ಕಳಿಸಿದರು.

“ನೋಡಿದ್ಯಾ!” ಅಂತ ನಮ್ಮನೆಯವರು ಕುಣಿದಾಡಿಬಿಟ್ಟರು. ಸಂಕಟಕ್ಕೋ ಸಂತೋಷಕ್ಕೋ ಹೇಳುವುದು ಕಷ್ಟ. “ಸುಮ್ಮನೆ ಕೊಡೋರಾದ್ರೆ ವಾಪಸ್ ಬಂದದ್ದನ್ನ ಮತ್ತೆ ಕಳಿಸ್ತಾರಾ? ಮೇಲೆ ಎಣ್ಣೆ ಬೇರೆ! ಬಾ, ತಕ್ಕಡಿ ಎತ್ತು.”

ಅಷ್ಟರಲ್ಲಿ ಅತ್ತೆ ಡಬ್ಬದ ಮುಚ್ಚಳ ತೆಗೆದು ಮಂಡಿಗೆ ಎಣ್ಣೆ ತಿಕ್ಕಿಕೊಂಡಾಗಿತ್ತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪಂಗೊಂದು ಅನ್ನೋ ಜಾತಿ ನಮ್ಮತ್ತೆಯದು. ಮತ್ತೆ ತೂಕ ಕಡಿಮೆ. ಈ ಸಲ ಸರಿಯಾಗಿ ಕೂತದ್ದು ಕೈ ಕಳೆದುಹೋದ ಒಂದು ಹಳೇ ಬೀಗ. ನಾನು ತಲೆ ತಲೆ ಚಚ್ಚಿಕೊಂಡೆ.

“ರೀ, ನಿಮ್ಮ ದಮ್ಮಯ್ಯ, ಬೇಡ. ಸೋಮವಾರ ನನಗೆ ಬೀಗದ ಕೈ ಕೊಡೋ ಮನೆಗೆ ನೀವು ಬೀಗ ಕಳಿಸ್ತೀರಲ್ರೀ!”

“ತೂಕಕ್ಕೆ ತೂಕ. ಹಂಗು ಇಟ್ಕೋಬಾರದು” ಅಂದು ಹೊರಟೇಬಿಟ್ಟರು.

ಅಂಗಡಿಯವನಿಗೆ ಬೀಗದ ಅರ್ಥ ಹುಡುಕಲು ಹೆಂಡತಿ ಬೇಕಾಗಲಿಲ್ಲ. ನೋಡಿದ ತಕ್ಷಣ ಮೂಟೆ ಮೇಲೆ ಕುಸಿದು ಕೂತನಂತೆ. ಶುಕ್ರವಾರ ಹೊಸ ಸೀಲಿಂಗ್ ಫ್ಯಾನ್ ಬಂತು. ಇವರು ಆಫೀಸಿನಿಂದ ಬರುವಷ್ಟರಲ್ಲಿ ಅತ್ತೆ ಕರೆಂಟ್ ಕೆಲಸದವನನ್ನು ಕರೆಸಿ ಅದನ್ನು ತಮ್ಮ ಮಂಚದ ಮೇಲೆ ಸರಿಯಾಗಿ ತೂಗುಹಾಕಿಸಿ, ಕೆಳಗೆ ಕಾಲು ಚಾಚಿ ಮಲಗಿದ್ದರು.

“ಅಮ್ಮಾ, ಇಳಿಸಬೇಕು ಅದನ್ನ.”

“ನನ್ನನ್ನ ಇಳಿಸು ಮೊದಲು. ಆಮೇಲೆ ಅದನ್ನ ಇಳಿಸು” ಅಂದು ಅತ್ತೆ ಕಣ್ಣು ಮುಚ್ಚಿದರು.

ಹೀಗೆ ಬುಟ್ಟಿ ಹೋಗೋದು ಬರೋದು ಬೀದಿಯವರ ಕಣ್ಣಿಗೆ ಬೀಳದೇ ಇರುತ್ತದೆಯೇ? ಶನಿವಾರ ಬೆಳಿಗ್ಗೆ ಗುಜರಿಯವನು ಒಂದು ಸೈಕಲ್ ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದ. “ಸಾರ್, ಎಲ್ಲರದ್ದೂ ಆಗ್ತಾ ಇದೆಯಂತೆ, ನನ್ನ ತಕ್ಕಡೀದೂ ಒಂದು ಆಗಿಹೋಗ್ಲಿ. ಬ್ರೇಕ್ ಒಂದು ಸ್ವಲ್ಪ ನೋಡ್ಕೊಳ್ಳಿ” ಅಂದ. ನಮ್ಮನೆಯವರು ಬನಿಯನ್ನಲ್ಲೇ ಅವನನ್ನು ಬೀದಿ ಕೊನೆಯವರೆಗೂ ಅಟ್ಟಿಸಿಕೊಂಡು ಹೋದರು. ಬೀದಿಯವರು ಅದಕ್ಕೂ ಅರ್ಥ ಮಾಡಿಕೊಂಡರು: ಸೈಕಲ್ ಸಾಲದಂತೆ.

ಅವತ್ತೇ ಮಧ್ಯಾಹ್ನದ ಸಭೆಗೆ ನಾನೂ ಅತ್ತೆಯೂ ಹೋಗಲೇಬೇಕಾಯಿತು. ಚಪ್ಪಾಳೆಗೆ ಮನೆಯವರಾದರೂ ಇರಲಿ ಅಂತ ಇವರೇ ಕರೆದುಕೊಂಡು ಹೋದರು. ಆಫೀಸಿನ ಹಾಲ್ ತುಂಬ ಅಂಗಡಿಯವರು. ಮುಂದಿನ ಸಾಲಿನಲ್ಲೇ ಪಕ್ಕದ ಮನೆಯ ದಿನಸಿಯವನು, ಒಂದು ವಾರದಿಂದ ಉಂಡಿಲ್ಲ ಅನ್ನುವ ಮುಖ. ಮಗನ ಜೊತೆ ಬಂದಿದ್ದ ಕಾಂಪೌಂಡರ್ ಮಾವ ಹಿಂದಿನ ಬೆಂಚಿನಲ್ಲಿ ಹಾಯಾಗಿ ಕೂತಿದ್ದರು, ಪಾಪ, ಅವರಿಗೆ ಏನೂ ಗೊತ್ತಿಲ್ಲ. ಸಾಹೇಬರು ವೇದಿಕೆ ಮೇಲೆ ಆಕಳಿಸುತ್ತಿದ್ದರು.

ನಮ್ಮನೆಯವರು ಕೋಟೆ ಬಾಗಿಲು ಕಾಯುವವನಿಂದ ಶುರು ಮಾಡಿದರು. ಬೆಣ್ಣೆ ಹಚ್ಚುವುದಕ್ಕೆ ಬಂದರು. ಎಮ್ಮೆ ಮಾರುವವನೊಬ್ಬ ಗಿರಾಕಿ ಬರೋ ಮುಂಚೆ ಬಡಕಲು ಎಮ್ಮೆಯ ಮೈಗೆ ಬೆಣ್ಣೆ ತಿಕ್ಕಿ ಮಿರಮಿರ ಮಿಂಚುವ ಹಾಗೆ ಮಾಡುತ್ತಿದ್ದನಂತೆ, ಅಲ್ಲಿಂದ ಬಂತಂತೆ. ಬೆಣ್ಣೆಯ ಬೆಲೆಗೆ ಇನ್ನೊಂದು ಎಮ್ಮೆಯೇ ಬರುತ್ತಿತ್ತಲ್ಲ ಅಂತ ನನಗೆ ಅನ್ನಿಸಿತು. ಆದರೂ ಚಪ್ಪಾಳೆ ತಟ್ಟಿದೆ. ಕೊನೆಗೆ ಉಪ್ಪಿಗೆ ಬಂದರು. ದನಿ ತಗ್ಗಿಸಿದರು. ಮುಂದಕ್ಕೆ ಬಾಗಿದರು.

“ಉಪ್ಪು ಕೊಟ್ಟೋನು ಯಾರು? ಬಾವಿ ಯಾರದ್ದು? ಎಲ್ಲಾ ಗೊತ್ತಿದೆ! ಗೊತ್ತಿದ್ದೂ ಯಾಕೆ ಸುಮ್ಮನಿದೀವಿ?” ಅಂತ ಬೆರಳು ಚಾಚಿದರು. ಬೆರಳು ಎಲ್ಲಿಗೋ ಚಾಚಬೇಕಲ್ಲ, ನೇರವಾಗಿ ದಿನಸಿಯವನ ಮೂಗಿನ ಕಡೆಗೆ ಚಾಚಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಇವನು ಕುಂಬಳಕಾಯಿಯನ್ನೇ ಕದ್ದಿರಲಿಲ್ಲ, ಆದರೂ ಎದ್ದು ನಿಂತು ಕೈಮುಗಿದುಬಿಟ್ಟ.

“ಸಾಕು ಸಾರ್, ಸಾಕು! ಎಲ್ಲರ ಎದುರಿಗೆ ಹೀಗೆ ಮಾನ ಕಳೀಬೇಡಿ. ಹಣ್ಣು ಕೊಟ್ಟೆ. ಎಣ್ಣೆ ಕೊಟ್ಟೆ. ಫ್ಯಾನ್ ಕೊಟ್ಟೆ. ಇನ್ನೇನು ಬೇಕು ಬಾಯಿಬಿಟ್ಟು ಹೇಳಿಬಿಡಿ. ಅಂಗಡಿಗೆ ಮಾತ್ರ ಬೀಗ ಹಾಕಬೇಡಿ!”

ಸಾಹೇಬರ ಆಕಳಿಕೆ ಅರ್ಧಕ್ಕೇ ನಿಂತಿತು. ಆ ಮೌನದಲ್ಲಿ ನಮ್ಮ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು.

“ಫ್ಯಾನ್ ಚೆನ್ನಾಗಿದೆಯಪ್ಪಾ. ಸ್ವಲ್ಪ ಸದ್ದು ಮಾಡುತ್ತೆ ಅಷ್ಟೇ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಗುಜರಿಯವನೂ ಎದ್ದ. “ಇವರದ್ದು ಫ್ಯಾನ್ ತಗೊಂಡ್ರು, ನನ್ನ ಸೈಕಲ್ ಯಾಕೆ ಬೇಡ ಅಂದ್ರು? ಬಡವರದ್ದು ಆಗಲ್ವಾ?” ಅಂತ ನ್ಯಾಯ ಕೇಳಿದ.

“ಏನ್ರೀ ಇದು?” ಅಂತ ಸಾಹೇಬರು ಗುಡುಗಿದರು.

“ಸಾರ್, ನಾನು ಏನೂ ಇಟ್ಕೊಂಡಿಲ್ಲ” ಅಂತ ಇವರು ತೊದಲಿದರು. “ಫ್ಯಾನ್ ಒಂದು ಬಿಟ್ಟು ಎಲ್ಲಾನೂ ತೂಕ ಮಾಡಿ ವಾಪಸ್ ಕೊಟ್ಟಿದೀನಿ. ಒಂದು ಗ್ರಾಂ ಹೆಚ್ಚುಕಡಿಮೆ ಇಲ್ಲ.”

“ಲಂಚಾನೂ ತೂಕ ಮಾಡ್ತೀರೇನ್ರೀ! ಅದೂ ಸರ್ಕಾರದ ತಕ್ಕಡಿಯಲ್ಲಿ!”

ಆಗ ಹಿಂದಿನ ಬೆಂಚಿನಿಂದ ಕಾಂಪೌಂಡರ್ ಮಾವ ಕೋಲೂರಿ ಎದ್ದರು. “ಒಂದು ನಿಮಿಷ ಸ್ವಾಮಿ. ಯಾವ ಹಣ್ಣು? ನಾನು ಕಳಿಸಿದ ಮಾವಿನಹಣ್ಣಾ?” ಅಂತ ಮಗನನ್ನು ಕೇಳಿದರು. ಮಗ ತಲೆಯಾಡಿಸಿದ. “ಅಯ್ಯೋ ಮಂಕೇ, ಅದು ಅವರ ಮರದ್ದೇ ಹಣ್ಣಲ್ವೇನೋ! ಕೊಂಬೆ ನಮ್ಮ ಕಡೆ ಬಾಗಿದೆ, ನಮ್ಮ ಅಂಗಳದಲ್ಲಿ ಬೀಳುತ್ತೆ. ಆರಿಸಿ ಅವರದ್ದು ಅವರಿಗೆ ಕೊಡು ಅಂತ ಸೊಸೆ ಕೈಲಿ ಕಳಿಸಿದೆ.”

ಲೋಕದ ನುಡಿಗಟ್ಟುಗಳಿಗೆಲ್ಲ ಮೂಲ ಹುಡುಕಿದ ಮನುಷ್ಯನಿಗೆ ತನ್ನ ಹಿತ್ತಲ ಮಾವಿನಹಣ್ಣು ಎಲ್ಲಿಂದ ಬಂತು ಅಂತ ಗೊತ್ತಾಗಲಿಲ್ಲ. ಹಾಲ್ ಪೂರ್ತಿ ಬಿದ್ದು ಬಿದ್ದು ನಕ್ಕಿತು. ನಗದವರು ಮೂರೇ ಜನ. ನಮ್ಮನೆಯವರು, ನಾನು, ಮತ್ತು ಕಾಂಪೌಂಡರ್ ಮಾವ. ಅವರು ನನ್ನ ಕಡೆ ನೋಡಿದ ನೋಟ ನೋಡಿ ನನ್ನ ಕೋಣೆ ಹೋಯಿತು ಅಂತ ನನಗೆ ಅಲ್ಲೇ ಖಾತ್ರಿಯಾಯಿತು.

ಸಾಹೇಬರಿಗೆ ಅಷ್ಟಕ್ಕೇ ಸಂಶಯ ತೀರಲಿಲ್ಲ. ಮಾರನೇ ದಿನ ರಜೆಯಾದರೂ ತಾವೇ ಬಂದು ದಿನಸಿ ಅಂಗಡಿಯ ತಕ್ಕಡಿ ಪರೀಕ್ಷೆ ಮಾಡಿದರು. ತಕ್ಕಡಿ ಸರಿಯಿರಲಿಲ್ಲ, ನಿಜ. ಆದರೆ ಅದು ಗಿರಾಕಿಗೆ ಹೆಚ್ಚು ಕೊಡುತ್ತಿತ್ತು! ಇಷ್ಟು ದಿನ ಊರಿಗೆಲ್ಲ ಎಷ್ಟು ಸಾಮಾನು ಪುಕ್ಕಟೆ ಹೋಗಿದೆ ಅಂತ ತಿಳಿದ ಮೇಲೆ ದಿನಸಿಯವನು ಅತ್ತದ್ದನ್ನು ನೋಡಿ ಸಾಹೇಬರಿಗೆ ಇವನ ಮೇಲೂ ನಂಬಿಕೆ ಬಂತು, ನಮ್ಮನೆಯವರ ಮೇಲೂ ಬಂತು. ಫ್ಯಾನ್ ವಾಪಸ್ ಹೋಯಿತು. ಅತ್ತೆ ಮಗನ ಹತ್ತಿರ ಮಾತು ಬಿಟ್ಟರು.

ಸೋಮವಾರ ಬಂತು, ಬೀಗದ ಕೈ ಬರಲಿಲ್ಲ. ಮಧ್ಯಾಹ್ನದವರೆಗೂ ಕಾದು, ಇನ್ನು ನಾಚಿಕೆಪಟ್ಟರೆ ಹೊಟ್ಟೆ ತುಂಬಲ್ಲ ಅಂತ ನಾನೇ ಹೋದೆ. ಕಾಂಪೌಂಡರ್ ಮಾವ ಜಗಲಿಯಲ್ಲಿ ಕೂತಿದ್ದರು. ಬಾ ಅನ್ನಲಿಲ್ಲ.

“ನಾನು ಕೊಟ್ಟಿದ್ದನ್ನ ತಕ್ಕಡಿಗೆ ಹಾಕಿದ್ರಮ್ಮಾ ನಿನ್ನ ಗಂಡ. ನಾಳೆ ಕೋಣೆ ಕೊಟ್ಟರೆ ಗೋಡೆಯ ಇಟ್ಟಿಗೆ ಎಣಿಸ್ತಾರೆ. ಯಾಕಮ್ಮಾ ಬೇಕು ನನಗೆ?”

ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಹೊರಗೆ ಬಂತು.

“ತೂಗಿದ್ದು ಅವರು ಮಾವ, ನಾನಲ್ಲ. ಅವರು ತೂಗಿದ್ದಕ್ಕೆ ನನ್ನ ಬಾಗಿಲು ಯಾಕೆ ಮುಚ್ಚಬೇಕು? ಅತ್ತೆಯ ಮಂಚದ ಕಾಲಡಿ ಕೂತು ಹೊಲಿದು ಹೊಲಿದು ನನ್ನ ಬೆನ್ನು ಬಗ್ಗಿಹೋಗಿದೆ. ನಿಮಗೂ ಏನಾದ್ರೂ ಬೇಕಿದ್ರೆ ಈಗಲೇ ಹೇಳಿಬಿಡಿ, ಮಾಡ್ತೀನಿ. ಬೇಡ ಅಂದ್ರೆ ಬೇಡ ಅನ್ನಿ, ನಂಬ್ತೀನಿ. ಈ ಮನೆ ಆ ಮನೆ ಮಧ್ಯೆ ಅನುಮಾನ ಹೊತ್ತು ತಿರುಗೋಕೆ ನನ್ನ ಕೈಲಾಗಲ್ಲ.”

ಮಾವ ಅಂಗಡಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಅಡುಗೆಮನೆ ಕಡೆ ಒಮ್ಮೆ. ಕುರ್ಚಿ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು.

“ಯಾರಿಗೂ ಹೇಳಲ್ಲ ತಾನೇ?”

“ಇಲ್ಲ.”

“ನನ್ನ ಮಗ ಆ ಕೋಣೆಯಲ್ಲಿ ಈರುಳ್ಳಿ ಮೂಟೆ ತುಂಬಿಸಬೇಕು ಅಂತಿದಾನಮ್ಮಾ. ಗೋಡೆ ಆಚೆ ನನ್ನ ಮಂಚ. ಜೀವನಪೂರ್ತಿ ಔಷಧಿ ವಾಸನೆ ಕುಡಿದಿದೀನಿ, ಈ ವಯಸ್ಸಲ್ಲಿ ಕೊಳೆತ ಈರುಳ್ಳಿ ವಾಸನೆ ಕುಡಿಯಲಾರೆ. ಬೇಡ ಅಂತ ಬಾಯಿಬಿಟ್ಟು ಅಂದ್ರೆ ಸೊಸೆ ಮುಖ ಊದಿಸ್ಕೋತಾಳೆ. ನೀನು ಬಂದು ಕೂತುಬಿಟ್ರೆ, ಪಕ್ಕದ ಮನೆ ಹೆಣ್ಣುಮಗಳು, ಎದ್ದೇಳು ಅನ್ನೋಕೆ ಇಬ್ಬರಿಗೂ ಆಗಲ್ಲ.”

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಂದರೆ ಬಾವಿ ಇತ್ತು! ಮೂಲಪುರುಷರು ಹೇಳಿದ್ದು ನಿಜವೇ ಆಗಿತ್ತು. ಹುಡುಕಿದ ಜಾಗ ಮಾತ್ರ ತಪ್ಪು.

“ಇಷ್ಟೇನಾ ಮಾವ? ಕೊಡಿ ಕೈ. ನಾನು ಕೂತ ಮೇಲೆ ಒಂದು ಈರುಳ್ಳಿ ಒಳಗೆ ಬರಲಿ ನೋಡೋಣ” ಅಂದೆ. ಮಾವ ಸೊಂಟದಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. ಇಬ್ಬರೂ ಕಳ್ಳರ ಹಾಗೆ ನಕ್ಕೆವು.

ಈಗ ನನ್ನ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಪರದೆ ಗಾಳಿಗೆ ಆಡುತ್ತೆ, ಬೋರ್ಡಿನ ಬಣ್ಣ ಇನ್ನೂ ಹೊಸದು. ನಮ್ಮನೆಯವರು ದಿನಾ ಸಂಜೆ ಆಫೀಸಿನಿಂದ ನೇರ ಇಲ್ಲಿಗೇ ಬರುತ್ತಾರೆ. ಮೊದಲು ಗೋಡೆ ತಟ್ಟಿ ನೋಡುತ್ತಾರೆ. ನೆಲ ಒದ್ದು ನೋಡುತ್ತಾರೆ. ಮೂಲೆಯಲ್ಲಿ ಬಗ್ಗಿ ಏನನ್ನೋ ಮೂಸುತ್ತಾರೆ. ಆಮೇಲೆ ಸ್ಟೂಲ್ ಮೇಲೆ ಕೂತು ದನಿ ತಗ್ಗಿಸಿ ಕೇಳುತ್ತಾರೆ.

“ನಿಜ ಹೇಳೇ. ಅವರಿಗೆ ಏನು ಬೇಕಂತೆ?”

“ಏನೂ ಬೇಡವಂತೆ ರೀ.”

“ಏನೂ?”

“ಒಳ್ಳೆಯವರು, ಸುಮ್ಮನೆ ಕೊಟ್ಟಿದಾರೆ.”

ಅವರ ಮುಖ ನೋಡಬೇಕು ಆಗ. ಕಣ್ಣಿನ ಕೆಳಗೆ ಕಪ್ಪು ಕಟ್ಟಿದೆ, ಎರಡು ಅಂಗಿ ನಾನೇ ಒಳಕ್ಕೆ ಹಿಡಿದು ಹೊಲಿದುಕೊಟ್ಟಿದ್ದೇನೆ. ನೀವು ಹೇಳಿದ್ದೇ ಸರಿ ರೀ ಅಂತ ಒಂದು ಮಾತು ಅಂದುಬಿಟ್ಟರೆ ಅವರ ಜೀವ ಹಗುರವಾಗುತ್ತೆ, ನನಗೆ ಗೊತ್ತು. ಪಾಪ ಅನ್ನಿಸಿ ಒಂದೊಂದು ಸಲ ಮಾತು ಬಾಯಿಗೂ ಬರುತ್ತೆ. ಆಗ ಬೇಗಬೇಗ ಮಿಷನ್ ತುಳಿಯಲು ಶುರು ಮಾಡುತ್ತೇನೆ.